ಜುಂಜಣ್ಣನ ತೊಗಲು ಪುಸ್ತಕಗಳು

ಹಿರಿಯೂರು, ಹೊಸದುರ್ಗದ ಗುಜರಿ ಅಂಗಡಿಯವರಿಗೆಲ್ಲ ಜುಂಜಣ್ಣನ ಪರಿಚಯ ಚೆನ್ನಾಗಿದೆ. ಮಾರಿಕಣಿವೆ ಅಣೆಕಟ್ಟೆಯಲ್ಲಿ ಮೂವತ್ತು ವರ್ಷ ತೂಬು ಎತ್ತಿ ಇಳಿಸಿ ನಿವೃತ್ತನಾದ ಈ ಮನುಷ್ಯ ಅಂಗಡಿಗೆ ಕಾಲಿಟ್ಟರೆ ಕೇಳುವುದು ಒಂದೇ ಮಾತು: "ತೊಗಲಿನವು ಬಂದವೇನ್ರಿ?" ವಿಕ್ಟೋರಿಯಾ ರಾಣಿಯ ಕಾಲದ, ತೊಗಲು ಹೊದಿಸಿ ಚಿನ್ನದ ಗೆರೆ ಎಳೆದ ಇಂಗ್ಲಿಷ್ ಪುಸ್ತಕಗಳೆಂದರೆ ಅವನಿಗೆ ಪ್ರಾಣ. ಇಂಗ್ಲಿಷ್ ಮಾತ್ರ ಬಾರದು. ಮೊದಲ ಹಾಳೆಯಲ್ಲಿ ಹದಿನೆಂಟರಿಂದ ಶುರುವಾಗುವ ಇಸವಿ ಕಂಡರೆ ಸಾಕು, ಚೀಲಕ್ಕೆ ಇಳಿಸಿಕೊಳ್ಳುತ್ತಾನೆ. ಒಳಗೆ ಯಾವ ಪಾದ್ರಿ ಯಾರಿಗೆ ಬುದ್ಧಿ ಹೇಳಿದ್ದಾನೆ ಎಂಬುದು ಆ ಪಾದ್ರಿಯ ತಲೆನೋವು.

ಹಾಗಂತ ಜುಂಜಣ್ಣ ಕಣ್ಣುಮುಚ್ಚಿ ಕೊಳ್ಳುವವನಲ್ಲ. ಅಥವಾ ಕಣ್ಣುಮುಚ್ಚಿಯೇ ಕೊಳ್ಳುತ್ತಾನೆ ಎನ್ನಬೇಕು. ಕುರಿಹಟ್ಟಿಯಲ್ಲಿ ಹುಟ್ಟಿ ಬೆಳೆದವನು. ಕಣ್ಣು ಮುಚ್ಚಿ, ಪುಸ್ತಕದ ಬೆನ್ನನ್ನು ಹೆಬ್ಬೆರಳಿನಲ್ಲಿ ಸವರಿ, ಒಮ್ಮೆ ಮೂಸಿ ತೀರ್ಪು ಕೊಡುತ್ತಾನೆ. ತರಿತರಿಯಾಗಿದ್ದರೆ ಆಡು, ಮೆತ್ತಗಿದ್ದರೆ ಕುರಿ, ಬೆಣ್ಣೆಯಂತೆ ನುಣ್ಣಗಿದ್ದರೆ ಎಳೆಮರಿ. ಹನ್ನೆರಡು ವರ್ಷದಲ್ಲಿ ನಲವತ್ತೊಂದು ಪುಸ್ತಕ ಸೇರಿದ್ದವು. ಅದರಲ್ಲಿ ಹತ್ತೊಂಬತ್ತು ಎಳೆಮರಿಯವು, ಅವನ ಕಣ್ಮಣಿಗಳು. ಮಳೆಗಾಲದ ತೇವ ತಾಗದಿರಲೆಂದು ಆ ಹತ್ತೊಂಬತ್ತನ್ನು ದೇವರ ಕೋಣೆಯಲ್ಲಿ, ಮನೆದೇವರ ಪೆಟ್ಟಿಗೆಯ ಪಕ್ಕದಲ್ಲೇ ಜೋಡಿಸಿದ್ದ. ಹೆಂಡತಿ ಸಿದ್ದಕ್ಕ ಮೊದಮೊದಲು ಗೊಣಗಿದಳು. ಕುರಿ ತೊಗಲು ತಾನೇ, ನಾವು ಹೊದೆಯೋ ಕಂಬಳಿಯೂ ಕುರಿಯದೇ ಅಂದುಕೊಂಡು ಆಮೇಲೆ ಅವಕ್ಕೂ ಊದುಬತ್ತಿ ಬೆಳಗತೊಡಗಿದಳು.

ಹೋದ ವರ್ಷ ದೇವಿಕಾ ಬಂದಳು. ಹೊಳಲ್ಕೆರೆಯ ಹುಡುಗಿ, ಮೈಸೂರಿನಲ್ಲಿ ಹಳೆಯ ಪುಸ್ತಕ ದುರಸ್ತಿ ಮಾಡುವವಳು. ಜುಂಜಣ್ಣನ ಸುದ್ದಿ ಕೇಳಿ ನೋಡಲು ಬಂದಿದ್ದಳು. ಒಂದೊಂದನ್ನೇ ಎತ್ತಿ ನೋಡಿ ಅವಳ ಮುಖ ಅರಳಿತು. ಜುಂಜಣ್ಣ ಎದೆಯುಬ್ಬಿಸಿ, "ಆ ದಪ್ಪಂದು ಎಳೆಮರಿ ತೊಗಲು ಕಣಮ್ಮಾ. ಒಳಗೆ ರಾಜರ ಕತೆ ಇರಬೇಕು," ಎಂದ.

"ಇದು ಕುದುರೆ ಕಾಲಿನ ಕಾಯಿಲೆ ಪುಸ್ತಕ ಯಜಮಾನ್ರೆ. ತೊಗಲೂ ಮರಿಯದಲ್ಲ, ಕರುವಿಂದು. ಇಲ್ಲಿರೋ ಹತ್ತೊಂಬತ್ತೂ ಕರುವಿನವೇ."

ಕಾಫಿ ಲೋಟ ಹಿಡಿದು ಬಾಗಿಲಲ್ಲಿದ್ದ ಸಿದ್ದಕ್ಕ ಅಲ್ಲೇ ನಿಂತಳು.

ಇವರ ಹಟ್ಟಿಯಲ್ಲಿ ದೇವರಿಗೆ ಬಿಟ್ಟ ದನಗಳಿವೆ. ಅವನ್ನು ಉಳಲು ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನುಷ್ಯರಂತೆಯೇ ಮಣ್ಣು ಮಾಡಿ ಮೂರನೇ ದಿನ ಹಾಲುತುಪ್ಪ ಬಿಡುತ್ತಾರೆ. ಯಾವ ದನದ ತೊಗಲನ್ನೂ ಸುಲಿಯುವ ಮಾತೇ ಇಲ್ಲ. ಜುಂಜಣ್ಣನ ಹೆಬ್ಬೆರಳು ಜೀವಮಾನದಲ್ಲಿ ಕರುವಿನ ತೊಗಲು ಮುಟ್ಟಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ನುಣುಪಾದದ್ದೆಲ್ಲ ಅವನ ಪಾಲಿಗೆ ಕುರಿಮರಿ.

ಸಿದ್ದಕ್ಕ ಲೋಟ ಕೆಳಗಿಟ್ಟು, ದೇವರ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಅಂಗಳದ ಬೇವಿನ ಮರದ ಬುಡಕ್ಕೆ ಒಯ್ದಳು. ಪಕ್ಕದಲ್ಲಿ ತಾನೂ ಕುಂತಳು. ಆ ಪುಸ್ತಕಗಳು ಹೊರಗೆ ಹೋಗದೆ ದೇವರೂ ತಾನೂ ಒಳಗೆ ಬರುವುದಿಲ್ಲ ಎಂದು ಅದರ ಅರ್ಥ. ಬೇರೆ ದಾರಿ ಕಾಣದೆ ಜುಂಜಣ್ಣ ಪೂಜಾರಿ ಚಿಕ್ಕತಿಮ್ಮಪ್ಪನನ್ನು ಕರೆಸಿದ.

"ಮಣ್ಣು ಮಾಡ್ಬೇಕು," ಎಂದ ಪೂಜಾರಿ.

"ವಿಲಾಯಿತಿ ಕರು ಪೂಜಾರಪ್ಪ. ನಮ್ಮ ಕಡೇವಲ್ಲ."

"ಕರು ಕರುನೇ."

"ಸತ್ತು ನೂರೈವತ್ತು ವರ್ಸ ಆಗೈತೆ."

"ಹಾಲುತುಪ್ಪ ಯಾರು ಬಿಟ್ಟವ್ರೆ? ನೂರೈವತ್ತು ವರ್ಸದಿಂದ ಕಾಯ್ಕೊಂಡು ಕುಂತಾವೆ ಅವು."

ತನ್ನ ಕೈಯಾರೆ ದೇವರಿಗೆ ಬಿಟ್ಟ ಏಳು ಎತ್ತುಗಳನ್ನು ಮಣ್ಣು ಮಾಡಿದ್ದವನು ಜುಂಜಣ್ಣ. ಒಂದೊಂದಕ್ಕೂ ಊಟ ಬಿಟ್ಟು ಅತ್ತಿದ್ದ. ಆದರೂ ಒಳಗೆ ಹೋಗಿ ಹತ್ತೊಂಬತ್ತು ಪುಸ್ತಕಗಳನ್ನೂ ಒಂದೊಂದಾಗಿ ಸವರಿ ಬಂದ.

ದೇವಿಕಾಗೆ ಜೀವ ತಡೆಯಲಿಲ್ಲ. "ತೊಗಲು ಮಾತ್ರ ಬಿಡಿಸ್ಕೊಡ್ತೀನಿ ಯಜಮಾನ್ರೆ. ಅದನ್ನ ಹೂಳ್ರಿ. ಹಾಳೆಗೆ ಬಟ್ಟೆ ರಟ್ಟು ಹಾಕ್ತೀನಿ, ಪುಸ್ತಕ ಉಳೀತದೆ," ಎಂದು ಚೀಲದಿಂದ ತೆಳ್ಳನೆಯ ಚಾಕು ತೆಗೆದಳು.

ಸಿದ್ದಕ್ಕನೂ ಆಗಲಿ ಎಂದು ತಲೆಯಾಡಿಸಿದಳು. ಪೂಜಾರಿಯ ಅಡ್ಡಿಯೂ ಇರಲಿಲ್ಲ. ದೇವಿಕಾ ಕುದುರೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬೆನ್ನಿನ ಅಂಚಿಗೆ ಚಾಕು ತಾಗಿಸಿದಳು. ಜುಂಜಣ್ಣ ಅವಳ ಕೈ ಹಿಡಿದುಕೊಂಡ.

"ಬ್ಯಾಡ ತಾಯಿ. ಒಂದ್ಸಲ ಸುಲಿದವ್ರೆ, ಸಾಕು."

ಹತ್ತೊಂಬತ್ತನ್ನೂ ಇದ್ದ ಹಾಗೆಯೇ ಬಿಳಿ ಬಟ್ಟೆಯಲ್ಲಿ ಸುತ್ತಿ, ದೇವರ ದನಗಳನ್ನು ಹೂಳುವ ಹೊಲದಲ್ಲಿ ಇಳಿಸಿದರು. ಮೊದಲ ಹಿಡಿ ಮಣ್ಣು ಹಾಕಿದವನು ಜುಂಜಣ್ಣನೇ.