ಗುರವ್ವನ ಟಾಕಿ ಮತ್ತು ತ್ರಿಶಂಕು

ವರದಿಗಾರನಾಗಿದ್ದಷ್ಟು ದಿನ ನನ್ನ ಒಂದೇ ಒಂದು ಸುದ್ದಿಗೂ ಸ್ಪಷ್ಟೀಕರಣ ಹಾಕುವ ಪ್ರಸಂಗ ಬಂದಿರಲಿಲ್ಲ. ನಿವೃತ್ತನಾದ ಮೇಲೆ ಆ ಹೆಮ್ಮೆಗೆ ಸಂಚಕಾರ ತಂದವನು ತ್ರಿಶಂಕು.

ದಕ್ಷಿಣ ಗೋಳಾರ್ಧದವರಿಗೆ ಈ ನಾಲ್ಕು ನಕ್ಷತ್ರಗಳ ಗುಂಪು ನೆತ್ತಿಯ ಮೇಲಿನ ಯಜಮಾನ. ನಮಗೆ ಹೊಸ್ತಿಲಾಚೆಯಿಂದಲೇ ಇಣುಕಿ ಹೋಗುವ ನೆಂಟ. ಗುಡ್ಡಗಳಿಲ್ಲದ ನಮ್ಮ ಕಪ್ಪು ಮಣ್ಣಿನ ಎರಿ ನೆಲದಲ್ಲಿ ಅಷ್ಟು ಇಣುಕಿದರೂ ಸಾಕು. ಹಾಗಾಗಿ ಪತ್ರಿಕೆಗೆ ಧೈರ್ಯವಾಗಿ ಬರೆದೆ: ‘ಮೇ ತಿಂಗಳ ರಾತ್ರಿ ಅಣ್ಣಿಗೇರಿಯ ಯಾವ ಮಾಳಿಗೆಯಿಂದಲೂ ತ್ರಿಶಂಕು ಕಾಣುತ್ತಾನೆ. ಅನುಮಾನವಿದ್ದವರು ಶನಿವಾರ ನಮ್ಮ ಮನೆಗೆ ಬರಬಹುದು.’

ಊರಿನಲ್ಲಿ ಅನುಮಾನವಿದ್ದವರು ಬಹಳ. ಶನಿವಾರ ಊಟ ಮುಗಿಸಿ ಅವರೆಲ್ಲ ಬರುವ ಮೊದಲೇ ಮಾಳಿಗೆ ಏರಿದೆ. ತ್ರಿಶಂಕು ಇರಬೇಕಾದ ಜಾಗದಲ್ಲಿ ಪಕ್ಕದ ಮನೆಯ ಗುರವ್ವ ಹೊಸದಾಗಿ ಕಟ್ಟೆ ಕಟ್ಟಿ ಕೂರಿಸಿದ ನೀರಿನ ಕರಿ ಟಾಕಿ! ಎಡಕ್ಕೆ ಸರಿದರೆ ಅದರಾಚೆ ಮನೆಯ ಟಾಕಿ. ಬಲಕ್ಕೆ ಸರಿದರೆ ನನ್ನದೇ ಟಾಕಿ. ನೈರುತ್ಯ ಎತ್ತರವಿರಬೇಕೆಂಬ ವಾಸ್ತುವನ್ನು ಊರಿಗೆ ಊರೇ ಪಾಲಿಸಿ, ದಕ್ಷಿಣದ ಆಕಾಶವನ್ನು ಮುಚ್ಚಿಬಿಟ್ಟಿತ್ತು.

ಒಣ ಹಾಕಿದ ಸಂಡಿಗೆ ತೆಗೆಯಲು ಬಂದ ಗುರವ್ವ ನನ್ನ ಪರದಾಟ ನೋಡಿದಳು.

“ಕಾಕಾರ, ನನ್ನ ಟಾಕಿ ಮ್ಯಾಲೆ ಯಾಕ್ರಿ ಅಷ್ಟ ಕಣ್ಣು?”

“ಅದರ ಹಿಂದ ತ್ರಿಶಂಕು ಅದಾನವಾ.”

“ಯಾರ್ರೀ ಅಂವ? ನನ್ನ ಕೇಳಲಾರದ ನಮ್ಮ ಮಾಳಗಿ ಏರ್ಯಾನ?”

ಕತೆ ಹೇಳಿದೆ: ದೇಹಸಮೇತ ಸ್ವರ್ಗಕ್ಕೆ ಹೊರಟ ರಾಜ. ಋಷಿ ಮೇಲೆ ಕಳಿಸಿದ, ದೇವತೆಗಳು ಕೆಳಗೆ ನೂಕಿದರು, ಪಾಪ ನಡುವೆಯೇ ಜೋತುಬಿದ್ದ.

“ಅಂದ್ರ ಪರವಾನಗಿ ಇಲ್ಲದ ಏರಿದಾಂವ! ಅಂತಾವನ ಸಲುವಾಗಿ ನಾ ಟಾಕಿ ಸರಿಸಬೇಕೇನ್ರಿ?”

“ನಿನ್ನ ಟಾಕಿ ಕಟ್ಟೆಗೆ ಪರವಾನಗಿ ಐತೇನವಾ?” ಹಳೆಯ ಚಾಳಿ, ಬಾಯಿ ತಡೆಯಲಿಲ್ಲ.

ಗುರವ್ವ ಸಂಡಿಗೆಯ ಕಡೆ ನೋಡಿದಳು. ನಂತರ, “ಏಣಿ ಹಚ್ಚತೇನಿ ಬರ್ರಿ. ನಿಮ್ಮ ಮಂದೀನೂ ಕರಕೊಂಡ ಬರ್ರಿ,” ಎಂದಳು.

ಬಂದವರೆಲ್ಲ ಒಬ್ಬೊಬ್ಬರಾಗಿ ಅವಳ ಟಾಕಿಯ ಕಟ್ಟೆ ಏರಿದರು. ಹೊಲದ ಅಂಚಿನ ಮೇಲೆ ತ್ರಿಶಂಕು, ಬರೆದಂತೆಯೇ ಇದ್ದ. ಕೊನೆಗೆ ಗುರವ್ವನೂ ಏರಿದಳು.

“ಈ ನಾಕ ಚುಕ್ಕಿ ಸಲುವಾಗಿ ಪೇಪರಿನ್ಯಾಗ ಬರದ್ರಿ?” ಎಂದವಳು ಇಳಿಯಲು ಮಾತ್ರ ಮರೆತಳು. ಬಹಳ ಹೊತ್ತಿನ ಮೇಲೆ ಅಲ್ಲಿಂದಲೇ ಕೂಗಿದಳು: “ಕಾಕಾರ, ಯಾವ ಮಾಳಗಿಯಿಂದಲೂ ಕಾಣತಾನಂತ ಬರದೀರಿ. ಸುಳ್ಳಲ್ಲೇನ್ರಿ ಅದು?”

ಮರುದಿನವೇ ಪತ್ರಿಕೆಗೆ ಕಳಿಸಿದೆ, ನನ್ನ ಜೀವಮಾನದ ಮೊದಲ ಸ್ಪಷ್ಟೀಕರಣ: ‘ಯಾವ ಮಾಳಿಗೆಯಿಂದಲೂ ಎಂಬುದನ್ನು, ಗುರವ್ವನ ಟಾಕಿಯ ಕಟ್ಟೆಯಿಂದ ಎಂದು ಓದಿಕೊಳ್ಳಬೇಕು. ತ್ರಿಶಂಕುವಿನ ಕಡೆಯಿಂದ ಯಾವ ತಪ್ಪೂ ಆಗಿಲ್ಲ.’