ಅಡ್ಡಗೆರೆಗೆ ಒಂದು ತಟ್ಟು

ನನ್ನ ಕೈಬರಹ ಕೆಟ್ಟದು, ಮಾತುಗಳೂ ಸರಿಯಾಗಿ ಹೊಂದುವುದಿಲ್ಲ. ಓದುವವರು ಕ್ಷಮಿಸಬೇಕು. ಪ್ರತಿ ಸಾಲನ್ನೂ ಮೊದಲು ಪೆನ್ಸಿಲ್ಲಿನಲ್ಲಿ ಬರೆದು, ಆಮೇಲೆ ಶಾಯಿಯಲ್ಲಿ ಬರೆದಿದ್ದೇನೆ.

ಗುನ್ವೋರ್ ನಮ್ಮ ಕೆಳಗಿನ ಮನೆಯವರು. ವಯಸ್ಸು ಅರವತ್ತು ದಾಟಿದೆ. ಸ್ಮೋಲಂಡ್ ಸೀಮೆಯ ಈ ಊರಿನಲ್ಲಿ ರೋಗಿಗಳನ್ನು ಹಾಸಿಗೆಯಿಂದ ಎತ್ತುವ ಯಂತ್ರದ ಕಾರ್ಖಾನೆ ಇದೆ. ಯಂತ್ರದ ಜೊತೆ ಹೋಗುವ ಕೈಪಿಡಿಗಳನ್ನು ಅಚ್ಚಿಗೆ ಮೊದಲು ತಿದ್ದುವುದು ಅವರ ಕೆಲಸ. ನಮ್ಮ ಸ್ವೀಡಿಷ್ ಭಾಷೆಯಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಂಡು ಉದ್ದವಾಗುತ್ತವೆ. ರೋಗಿಯನ್ನು ಹೊರುವ ಪಟ್ಟಿಯನ್ನು ಸಿಕ್ಕಿಸುವ ಪಟ್ಟಿಕೊಕ್ಕೆ ಎಂಬುದನ್ನು ಒಂದು ಪುಟದಲ್ಲಿ ಕೂಡಿಸಿ, ಇನ್ನೊಂದರಲ್ಲಿ ಬಿಡಿಸಿ, ಮತ್ತೊಂದರಲ್ಲಿ ನಡುವೆ ಅಡ್ಡಗೆರೆ ಹಾಕಿ ಬರೆದರೆ ದಾದಿ ಮೂರು ಬೇರೆ ಬೇರೆ ಭಾಗಗಳನ್ನು ಹುಡುಕುತ್ತಾಳೆ. ಅಷ್ಟು ಹೊತ್ತೂ ರೋಗಿ ಗಾಳಿಯಲ್ಲಿ ತೂಗುತ್ತಿರುತ್ತಾನೆ.

ಈ ಕೆಲಸವನ್ನು ಗುನ್ವೋರ್ ಕಾರ್ಖಾನೆಯ ಜೊತೆಗಾರ ಸಿಕ್ಸ್ಟೆನ್ ಜೊತೆ ಮಾಡುತ್ತಿದ್ದರು. ಸಿಕ್ಸ್ಟೆನ್ ಗಟ್ಟಿಯಾಗಿ ಓದುತ್ತಿದ್ದರು. ಕೂಡಿದ ಪದಕ್ಕೆ ಒಂದೇ ಉಸಿರು. ಅಡ್ಡಗೆರೆಗೆ ಮೇಜಿನ ಮೇಲೆ ಬೆರಳಿನಿಂದ ಒಂದು ತಟ್ಟು. ಬಿಡಿ ಪದಗಳ ನಡುವೆ ಚಿಕ್ಕ ನಿಲುಗಡೆ. ಕಾರ್ಖಾನೆ ಒಪ್ಪಿಕೊಂಡ ಪದರೂಪಗಳೆಲ್ಲ ಗುನ್ವೋರ್‌ಗೆ ಬಾಯಿಪಾಠ. ಹಾಗೆ ಕೇಳಿಸದ ಕಡೆ ಅವರು ತಮ್ಮ ಪ್ರತಿಯಲ್ಲಿ ಕೆಂಪು ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದರು. ಕಣ್ಣು ತಪ್ಪನ್ನೂ ಸರಿಯೆಂದೇ ಓದಿಬಿಡುತ್ತದೆ, ಕಿವಿ ಹಾಗಲ್ಲ ಎನ್ನುತ್ತಾರೆ.

ಚಳಿಗಾಲದಲ್ಲಿ ಸಿಕ್ಸ್ಟೆನ್ ತೀರಿಕೊಂಡರು. ಅಂತ್ಯಸಂಸ್ಕಾರ ಮುಗಿಸಿ ಬಂದ ಗುನ್ವೋರ್ ಬಾಗಿಲ ಮುಂದಿನ ಹಿಮ ಗುಡಿಸಿದರು. ಅತ್ತಿದ್ದನ್ನು ನಾನು ನೋಡಲಿಲ್ಲ.

ಮಾರ್ಚ್‌ನಲ್ಲಿ ಮೇಲಧಿಕಾರಿ ಟೋರ್ಕೆಲ್ ಗುನ್ವೋರ್‌ಗೆ ಹೇಳಿದರಂತೆ: "ಶುಕ್ರವಾರದೊಳಗೆ ಈ ಕೈಪಿಡಿ ಮುಗಿಸು. ಆಗದಿದ್ರೆ ಇನ್ಮೇಲೆ ಎಲ್ಲಾ ಕಂಪ್ಯೂಟರೇ ನೋಡ್ಕೊಳ್ಳುತ್ತೆ, ನೀನು ಮನೇಲಿರು."

ಅಂದು ಸಂಜೆ ಗುನ್ವೋರ್ ನಮ್ಮ ಬಾಗಿಲು ತಟ್ಟಿದರು.

"ಟುವಾ, ಸ್ಕೂಲು ಬಿಟ್ಯಂತೆ. ಓದೋಕೆ ಬರುತ್ತೆ ತಾನೆ?"

"ಬರುತ್ತೆ. ಗಟ್ಟಿಯಾಗಿ ಆಗಲ್ಲ."

ತರಗತಿಯಲ್ಲಿ ಎದ್ದು ಓದು ಎಂದಾಗಲೆಲ್ಲ ಪದದ ನಡುವೆಯೇ ನಿಂತುಬಿಡುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ನಾನು ಶಾಲೆ ಬಿಟ್ಟಿದ್ದೇ ಅದಕ್ಕೆ.

"ಮೇಜಿಗೆ ಓದು ಪುಟ್ಟಿ. ಅದು ನಗಲ್ಲ."

ಮರುದಿನ ಕಾರ್ಖಾನೆಗೆ ಹೋಗಿ, ಸಿಕ್ಸ್ಟೆನ್ ಕೂರುತ್ತಿದ್ದ ಜಾಗದಲ್ಲಿ ಕೂತು ಓದಿದೆ. ಹೆದರಿಕೆಗೆ ಪದಗಳ ನಡುನಡುವೆಯೇ ಉಸಿರು ತೆಗೆದುಕೊಂಡೆ. ನಾನು ನಿಂತಲ್ಲೆಲ್ಲ ಪದವನ್ನು ಬಿಡಿಸಿ ಬರೆದಿದೆಯೆಂದುಕೊಂಡು ಗುನ್ವೋರ್ ಕೆಂಪು ಗುರುತು ಹಾಕುತ್ತಾ ಹೋದರು. ಟೋರ್ಕೆಲ್ ಇಣುಕಿ ನೋಡಿದರು.

"ಇದೇನು ಗುನ್ವೋರ್, ಪುಟಕ್ಕೆ ದಡಾರ ಬಂದಿದೆಯಾ?"

ಪಕ್ಕದ ಮೇಜಿನವರು ನಕ್ಕರು. ಗುನ್ವೋರ್ ರಬ್ಬರ್ ತೆಗೆದುಕೊಂಡು ಗುರುತುಗಳನ್ನು ಒಂದೊಂದಾಗಿ ಅಳಿಸಿದರು. ಆಮೇಲೆ ಏಲಕ್ಕಿ ಬನ್ನನ್ನು ನನ್ನ ಕಡೆ ತಳ್ಳಿದರು.

"ಪದ ಮುಗಿಯೋತನಕ ಹೆದರ್ಕೋಬೇಡ. ಮುಗಿದ್ಮೇಲೆ ಬೇಕಾದಷ್ಟು ಹೆದರ್ಕೋ."

ಹಾಗೆಯೇ ಮಾಡಿದೆ. ಪ್ರತಿ ಉದ್ದ ಪದದ ಕೊನೆಯನ್ನು ಮೊದಲು ಕಣ್ಣಿನಿಂದ ನೋಡಿಕೊಂಡು ಬಾಯಿ ತೆರೆದೆ. ಆ ದನಿ ನನ್ನದೆಂದು ಅನ್ನಿಸಲಿಲ್ಲ. ಖುಷಿಯೂ ಆಗಲಿಲ್ಲ. ಪುಟಗಳು ಮಾತ್ರ ಮುಗಿಯುತ್ತಾ ಹೋದವು.

ಶುಕ್ರವಾರ ಮಧ್ಯಾಹ್ನ ಟೋರ್ಕೆಲ್ ತಿದ್ದಿದ ಪುಟಗಳ ಕಟ್ಟನ್ನು ತಿರುವಿ ನೋಡಿದರು.

"ಮುಗಿಸಿಬಿಟ್ರಲ್ಲ. ಸರಿ, ಎಚ್ಚರಿಕೆಯ ಅಧ್ಯಾಯಗಳು ನಿಮಗೇ ಇರ್ಲಿ. ಉಳಿದದ್ದು ಕಂಪ್ಯೂಟರಿಗೆ. ವಾರಕ್ಕೆ ಎರಡು ಬೆಳಿಗ್ಗೆ ಇಬ್ಬರೂ ಬನ್ನಿ, ಸಾಕು."

"ಆಯ್ತು" ಎಂದು ಗುನ್ವೋರ್ ಕೋಟು ಹಾಕಿಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ.

ದಾರಿಯಲ್ಲಿ ಕೇಳಿದೆ: "ಬೇಜಾರಾಯ್ತಾ?"

"ಗೊತ್ತಾಗ್ತಿಲ್ಲ. ನಿಂಗೆ?"

"ನಂಗೂ ಗೊತ್ತಾಗ್ತಿಲ್ಲ."

"ಹಾಗಾದ್ರೆ ಮಂಗಳವಾರ ಬಾ."

ಮಂಗಳವಾರ ಬೆಳಿಗ್ಗೆ ನಾನು ಅವರ ಜೊತೆ ಹೋಗಿ ಎಚ್ಚರಿಕೆಯ ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತೇನೆ.