ಬಾಣಂತಿಯ ಮಂಚದ ಪಕ್ಕದ ಚೆಂಬು

ನಾನು ಜಗಳಗಂಟಿ. ಊರಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ಅನ್ನಲಿ. ಮೈಸೂರಿನ ಯಾದವಗಿರಿಯ ಒಂದು ನರ್ಸಿಂಗ್ ಹೋಮಿನ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ಇಷ್ಟು ವರ್ಷ ದುಡಿದವಳಿಗೆ ಬಾಯಿ ಜೋರಿರದಿದ್ದರೆ ನಡೆಯುವುದಿಲ್ಲ. ಆದರೆ ನಾನು ಆಡಿದ ದೊಡ್ಡ ಜಗಳ ಒಂದು ಚೆಂಬು ನೀರಿಗಾಗಿ, ಅದೂ ಹೆತ್ತ ಅವ್ವನ ಜೊತೆ.

ಹೋದ ಬೇಸಿಗೆಯಲ್ಲಿ ನನ್ನ ತಂಗಿಗೆ ಚೊಚ್ಚಲ ಹೆರಿಗೆಯಾಯಿತು. ಮೈಸೂರಿನ ಆಸ್ಪತ್ರೆಯಿಂದ ಬಾಣಂತನಕ್ಕೆಂದು ಮಂಡಕಳ್ಳಿಯ ಆಚೆಗಿರುವ ನಮ್ಮೂರಿಗೆ, ಅವ್ವನ ಮನೆಗೆ ಹೋದಳು. ನಾನಿರುವುದು ಜಯಲಕ್ಷ್ಮಿಪುರಂನ ಬಾಡಿಗೆ ಮನೆಯಲ್ಲಿ. ರಜ ಸಿಕ್ಕ ದಿನ ಬಸ್ಸು ಹತ್ತಿ ನೋಡಲು ಹೋದೆ. ಕಿಟಕಿ ಮುಚ್ಚಿದ ಕೋಣೆ, ತಲೆಗೆ ಬಿಗಿದ ಬಟ್ಟೆ, ಕಿವಿಯಲ್ಲಿ ಹತ್ತಿ, ಸಾಂಬ್ರಾಣಿ ಹೊಗೆ. ತಂಗಿಯ ತುಟಿ ಒಡೆದು ಸಿಪ್ಪೆ ಎದ್ದಿತ್ತು. ಮೈ ಬಿಸಿ. ಮೂತ್ರಕ್ಕೆ ಹೋದರೆ ಉರಿ ಎಂದು ಅಳುತ್ತಿದ್ದಳು. ಹಾಲು ಸಾಲದೆ ಮಗುವೂ ಅಳುತ್ತಿತ್ತು.

“ನೀರು ಎಷ್ಟು ಕುಡಿದೆಯೇ?” ಎಂದು ಕೇಳಿದೆ.

“ಉಂಡ ಮೇಲೆ ಒಂದು ಸಣ್ಣ ಲೋಟ ಬಿಸಿನೀರು, ಅಷ್ಟೇಯ. ಇನ್ನೂ ಬೇಕು ಅಂದ್ರೆ ಅವ್ವ ಕೊಡಕಿಲ್ಲ ಕಣಕ್ಕ.”

ನಮ್ಮ ಕಡೆ ಇದು ಪದ್ಧತಿ. ಬಾಣಂತಿ ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದಂತೆ, ಮಗುವಿಗೆ ಶೀತವಾಗುತ್ತದಂತೆ. ಹಿಂದೆ ಒಂದು ಆರೋಗ್ಯ ಶಿಬಿರದಲ್ಲಿ ಇದೇ ಊರಿನ ಹೆಂಗಸರಿಗೆ ಚಿತ್ರ ತೋರಿಸಿ, ಗಂಟಲು ಹರಿದುಕೊಂಡು ಹೇಳಿದ್ದೆ. ಎಲ್ಲರೂ ತಲೆ ಆಡಿಸಿದ್ದರು. ಮುಂದಿನ ಸಾಲಿನಲ್ಲಿ ಅವ್ವನೂ ಕೂತಿದ್ದಳು! ಆಮೇಲೂ ಪದ್ಧತಿ ಬದಲಾಗಲಿಲ್ಲವೆಂದು ಹೇಳಿಕೊಂಡರೆ ನಮ್ಮ ಡಾಕ್ಟರೊಬ್ಬರು, “ಹಳ್ಳಿಯೋರನ್ನ ತಿದ್ದೋಕಾಗಲ್ಲ ಕಣ್ರೀ, ಬುದ್ಧಿ ಇಲ್ಲ” ಅಂದಿದ್ದರು. ಮೈ ಉರಿದು ಹೋಗಿತ್ತು. ಜಯಲಕ್ಷ್ಮಿಪುರಂನ ದೊಡ್ಡ ದೊಡ್ಡ ಮನೆಗಳಲ್ಲೂ ಬಾಣಂತಿಗೆ ನೀರು ಅಳೆದು ಕೊಡುವುದನ್ನು ಕಂಡಿದ್ದೇನೆ. ಅವರಿಗೆ ಬುದ್ಧಿ ಇಲ್ಲವೆಂದು ಯಾರೂ ಅನ್ನುವುದಿಲ್ಲ.

ಆಟೋ ಕರೆಸಿ ತಂಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ ಬಂದೆ. ಮಾತ್ರೆ ಕೊಟ್ಟರು, ಚೆನ್ನಾಗಿ ನೀರು ಕುಡಿಸಿ ಅಂದರು. ಮನೆಗೆ ಬಂದವಳೇ ಕಿಟಕಿ ತೆಗೆದೆ. ಕಾಯಿಸಿ ಆರಿಸಿದ ನೀರನ್ನು ಚೆಂಬಿಗೆ ತುಂಬಿ ಮಂಚದ ಪಕ್ಕ ಇಟ್ಟೆ. ನಾನು ಆಚೆ ಹೋಗುವಷ್ಟರಲ್ಲಿ ಚೆಂಬು ಅಡುಗೆಮನೆ ಸೇರಿತ್ತು. ಮತ್ತೆ ತಂದಿಟ್ಟೆ. ಮತ್ತೆ ಹೋಯಿತು. ಸರಿ, ನೋಡೇಬಿಡೋಣ ಎಂದು ನರ್ಸಿಂಗ್ ಹೋಮಿಗೆ ಫೋನು ಮಾಡಿ ರಜ ಹೇಳಿ, ಕೋಣೆಯ ಬಾಗಿಲಿಗೆ ಅಡ್ಡ ಕೂತೆ.

“ಮಗೀಗೆ ಏನಾರ ಆದ್ರೆ ನಿನ್ನ ಸುಮ್ಕೆ ಬುಡಕಿಲ್ಲ. ನೀ ಎಷ್ಟು ಹೆತ್ತಿದ್ದೀಯೆ ಹೇಳು?” ಅಂದಳು ಅವ್ವ.

ನನಗೆ ಮಕ್ಕಳಿಲ್ಲ. ಮಾತು ಎದೆಗೆ ನಾಟಿತು. “ಹೆತ್ತಿಲ್ಲ. ಆದ್ರೆ ಹೆತ್ತೋರು ಸಾಯೋದನ್ನ ನೋಡಿದ್ದೀನಿ. ಇವಳನ್ನ ಸಾಯಕ್ಕೆ ಬಿಡಲ್ಲ,” ಎಂದು ಕೂಗಿದೆ. ಜಾಗ ಬಿಟ್ಟು ಏಳಲಿಲ್ಲ.

ಅಷ್ಟರಲ್ಲಿ ಎದುರುಮನೆಯ ದೊಡ್ಡವ್ವ ಮಗು ನೋಡಲು ಬಂದರು. ಕೇರಿಯ ಬಾಣಂತಿಯರಿಗೆಲ್ಲ ಎಣ್ಣೆ ಹಚ್ಚಿ ಮೈಗೆ ನೀರು ಹಾಕುವವರು ಅವರೇ. ಚೆಂಬು ಕಂಡು ಗಲ್ಲಕ್ಕೆ ಕೈಯಿಟ್ಟರು. “ಅಯ್ಯೋ ಸಿವನೇ! ಬಾಣ್ತಿ ಪಕ್ಕದಲ್ಲಿ ನೀರು ಮಡಗವ್ರಲ್ಲ! ನಾವೆಲ್ಲ ನೀರು ಕುಡೀದೆ ಮಕ್ಕಳು ಸಾಕ್ನಿಲ್ವೇ?”

ನಾನು ಬಾಯಿ ತೆರೆಯುವ ಮೊದಲೇ ಅವ್ವ ಗೋಡೆಗೆ ಒರಗಿ ಕುಸಿದು ಕೂತಳು.

“ನಾ ಕುಡ್ದಿದ್ದೆ ಕಣಕ್ಕ. ನನ್ನ ಮೊದಲ್ನೇ ಗಂಡುಮಗ ಉಟ್ಟಿದಾಗ. ಬಚ್ಚಲಲ್ಲಿ ನೀರು ಉಯ್ಯೋಕೆ ನೀನೇ ಬತ್ತಿದ್ದೆ. ನೀ ಸೀಗೆಪುಡಿ ತರಾಕೆ ಅಂತ ಆಚೆಗೆ ಓದಾಗ ಹಂಡೆ ನೀರನ್ನ ಬೊಗಸೇಲಿ ಎತ್ತಿ ಕುಡೀತಿದ್ದೆ. ನಾಲ್ಗೆ ಸುಡೋದು, ಅಂಗೂ ಕುಡೀತಿದ್ದೆ. ಮಗೀಗೆ ಸೀತ ಆಗಿ ಓಗ್ಬುಡ್ತು. ನಾನೇ ಕೊಂದ್ಬುಟ್ಟೆ.”

ನನಗೊಬ್ಬ ಅಣ್ಣ ಹುಟ್ಟಿ ಸತ್ತಿದ್ದನೆಂದು ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಪಾಪವನ್ನು ಒಬ್ಬಳೇ ಹೊತ್ತಿದ್ದಳಲ್ಲ ಎಂದು ಕರುಳು ಕಿತ್ತು ಬಂತು. ಆ ಪಾಪ ಹೊರಿಸಿದ ಪದ್ಧತಿಯ ಮೇಲೆ ಕೆಟ್ಟ ಸಿಟ್ಟೂ ಬಂತು.

“ನನ್ನ ಹೆತ್ತಾಗ ಕುಡಿದಿದ್ದೆಯಾ ಅವ್ವ?” ಎಂದು ಕೇಳಿದೆ.

ಅವ್ವ ತಲೆ ಎತ್ತಲಿಲ್ಲ. “ಬಾಯಾರ್ತಿತ್ತು ಕಣಮ್ಮಿ. ಎದ್ರಿಕೊಂಡೇ ಕುಡ್ದೆ.”

“ಮತ್ತೆ ನಾನು ಕಲ್ಲುಗುಂಡಿನ ಹಾಗೆ ನಿನ್ನ ಮುಂದೆ ಕೂತು ಜಗಳ ಆಡ್ತಿದ್ದೀನಲ್ಲ! ಅಣ್ಣ ಹೋದದ್ದು ನೀರಿಂದ ಅಲ್ಲ. ನಿನ್ನಿಂದಲೂ ಅಲ್ಲ.”

ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡು, “ನಾನೂ ಕುಡ್ದೋಳೇಯ,” ಅಂದರು.

ಅವ್ವ ಎದ್ದು ಚೆಂಬು ಎತ್ತಿಕೊಂಡಳು. ಮತ್ತೆ ಅಡುಗೆಮನೆಗೆ ಒಯ್ಯುತ್ತಾಳೆಂದು ನಾನು ಬಾಗಿಲಿಗೆ ಕೈ ಅಡ್ಡ ಹಿಡಿದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. ಮಂಚದ ಹತ್ತಿರ ಹೋಗಿ, ತಂಗಿಯ ತಲೆಯ ಕೆಳಗೆ ಕೈ ಕೊಟ್ಟು ಎಬ್ಬಿಸಿ, ಚೆಂಬನ್ನು ಅವಳ ಬಾಯಿಗೆ ಹಿಡಿದಳು.

“ಕುಡಿ ಮಗಾ,” ಅಂದಳು. “ನನ್ನಂಗೆ ಕದ್ದು ಕುಡೀಬ್ಯಾಡ.”